ನಿಂಗೂ ಆಯ್ತಲ್ಲ ಅಕ್ಕಾ!

ಹೋದ ಭಾನುವಾರ ರಾತ್ರಿ ಹತ್ತು ಗಂಟೆ. ಮಗಳನ್ನು ಮಲಗಿಸಿ, ನಾಳೆಯ ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸ್ತಾ ಇದ್ದೆ. ಚಿಕ್ಕಮ್ಮನ ಮಗಳ ಫೋನು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅಷ್ಟು ಹೊತ್ತಿಗೆ ಊರಿನವರ ಫೋನ್ ಬಂದ್ರೆ ನಂಗೆ ಎದೆ ಧಸಕ್ ಅನ್ನುತ್ತೆ. ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ಅಕ್ಕಾ, ಒಂದ್ ಮಾತು ಕೇಳ್ಬೇಕಿತ್ತು. ಭಾವ ಪಕ್ಕದಲ್ಲಿದಾರಾ?"

"ಇಲ್ಲ, ಟಿವಿ ಮುಂದೆ ಇದಾರೆ. ಹೇಳು."

"ನಂಗೀಗ ಮೂವತ್ಮೂರು. ಟೀಮ್ ಲೀಡ್ ಮಾಡ್ತೀವಿ ಅಂತಿದಾರೆ. ಫ್ಲ್ಯಾಟಿನ ಸಾಲ ಬೇರೆ ಇದೆ. ಇನ್ನೊಂದ್ ಮೂರು ವರ್ಷ ಬಿಟ್ಟು ಮಗು ಮಾಡ್ಕೊಂಡ್ರೆ ಆಗಲ್ವಾ? ಅಮ್ಮ ದಿನಾ ಫೋನ್ ಮಾಡಿ ಅಳ್ತಾಳೆ. ನಿಂಗೂ ಮೂವತ್ತೇಳಕ್ಕೇ ತಾನೇ ಪಾಪು ಹುಟ್ಟಿದ್ದು? ಏನೂ ತೊಂದ್ರೆ ಆಗ್ಲಿಲ್ವಲ್ಲ!"

ಏನೂ ತೊಂದರೆ ಆಗಲಿಲ್ಲ. ಇದನ್ನು ಕೇಳಿ ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಅವಳ ತಪ್ಪಿಲ್ಲ. ನಾಮಕರಣಕ್ಕೆ ಬಂದವರೆಲ್ಲ ತೊಟ್ಟಿಲಲ್ಲಿದ್ದ ಮಗುವನ್ನು ನೋಡಿದರು, ಊಟ ಮಾಡಿದರು, ಹೋದರು. ತೊಟ್ಟಿಲಿನ ಹಿಂದಿನ ಎರಡು ವರ್ಷದ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ರಾತ್ರಿ ಹನ್ನೆರಡೂವರೆವರೆಗೆ ಅವಳಿಗೆ ಹೇಳಿದೆ. ಅದನ್ನೇ ಈ ಸಲದ ಅಂಕಣದಲ್ಲಿ ನಿಮಗೂ ಹೇಳ್ತಿದ್ದೀನಿ. ಹೋದ ತಿಂಗಳು ಹಿತ್ತಲ ಬಸಳೆ ಚಪ್ಪರದ ಬಗ್ಗೆ ಬರೆದಾಗ ಮುಂದಿನ ಸಲ ಉಪ್ಪಿನಕಾಯಿ ಅಂತ ಮಾತು ಕೊಟ್ಟಿದ್ದೆ. ಅದು ಇನ್ನೊಂದು ತಿಂಗಳು ಭರಣಿಯಲ್ಲೇ ಇರಲಿ.

ನನ್ನ ಮದುವೆ ಆಗಿದ್ದೇ ಮೂವತ್ಮೂರಕ್ಕೆ. ಬ್ಯಾಂಕಿನ ಕೆಲಸ, ತಂಗಿಯ ಓದು, ಅಪ್ಪನ ಆಪರೇಷನ್ನು ಅಂತ ಮುಂದೆ ಹೋಗ್ತಾ ಹೋಯ್ತು. ಮೂವತ್ತೈದರಲ್ಲಿ ಮೊದಲ ಸಲ ಗರ್ಭಿಣಿಯಾದೆ. ಒಂಬತ್ತನೇ ವಾರದ ಸ್ಕ್ಯಾನಿಗೆ ಹೋದಾಗ ಎದೆಬಡಿತ ಸಿಗಲಿಲ್ಲ. ಪರದೆ ಮೇಲೆ ಕಾಣ್ತಿದ್ದ ಚುಕ್ಕೆ ಸುಮ್ಮನೆ ಇತ್ತು. ಸ್ಕ್ಯಾನ್ ಮಾಡ್ತಿದ್ದ ಡಾಕ್ಟರು ಮಾತು ನಿಲ್ಲಿಸಿದಾಗಲೇ ಗೊತ್ತಾಯ್ತು.

ಅದಕ್ಕೆ ಎರಡು ವಾರ ಮುಂಚೆ ಟ್ರೈನಿಂಗ್ ಅಂತ ಬಸ್ಸಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬಂದಿದ್ದೆ. ಅತ್ತೆಗೆ ಅಷ್ಟು ಸಾಕಾಯ್ತು. "ಬಸ್ಸಲ್ಲಿ ಕುಲುಕಾಡ್ಕೊಂಡು ಹೋದ್ರೆ ನಿಲ್ಲತ್ತಾ?" ಅಂದರು. ನಾದಿನಿ ಪರಂಗಿಹಣ್ಣಿನ ಮೇಲೆ ಹಾಕಿದಳು. ನಾನು ನನ್ನ ಮೇಲೇ ಹಾಕಿಕೊಂಡೆ. ನಮ್ಮ ಲೇಡಿ ಡಾಕ್ಟರು ಮಾತ್ರ ಕನ್ನಡಕ ತೆಗೆದಿಟ್ಟು, "ನೋಡಮ್ಮಾ, ಮೊದಲ ಮೂರು ತಿಂಗಳಲ್ಲಿ ಹೋಗೋ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚು ಕ್ರೋಮೋಸೋಮಿನ ಲೆಕ್ಕ ತಪ್ಪಿ ಹೋಗೋವು. ನೀನು ಬಸ್ಸು ಹತ್ತೋಕೆ ಮುಂಚೆಯೇ, ಅದು ಮೂಡಿದ ದಿನವೇ ಅದರ ಹಣೆಬರಹ ಬರೆದಾಗಿತ್ತು" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಲೆಕ್ಕ ಯಾಕೆ ತಪ್ಪುತ್ತೆ? ಇದನ್ನು ಅವರು ಬಿಡಿಸಿ ಹೇಳಿದ ರೀತಿ ನಂಗೆ ಮರೆಯೋದೇ ಇಲ್ಲ. ಗಂಡಸಿನಲ್ಲಿ ವೀರ್ಯಾಣು ದಿನಾ ಹೊಸದಾಗಿ ತಯಾರಾಗುತ್ತೆ. ಹೆಣ್ಣಿಗೆ ಹಾಗಲ್ಲ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಮ್ಮ ಅಂಡಾಣುಗಳೆಲ್ಲ ತಯಾರಾಗಿ ಮುಗಿದಿರುತ್ತವೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತೆ. ಅದರಲ್ಲಿ ಬಲಿತು ಹೊರಗೆ ಬರೋದು ಜೀವಮಾನದಲ್ಲಿ ನಾನೂರೋ ಐನೂರೋ ಅಷ್ಟೇ. ಅಂದರೆ ನನ್ನ ಮಗಳಾದ ಆ ಅಂಡಾಣು ನನ್ನಮ್ಮನ ಹೊಟ್ಟೆಯಲ್ಲಿ ಶುರುವಾಗಿ ಮೂವತ್ತಾರು ವರ್ಷ ಕಾದಿತ್ತು. ಅಷ್ಟು ವರ್ಷ ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಶುರು ಮಾಡಿ, ಕ್ರೋಮೋಸೋಮುಗಳನ್ನು ಸರಿಯಾಗಿ ಪಾಲು ಮಾಡಬೇಕು. ಕಾದಷ್ಟೂ ಪಾಲು ತಪ್ಪುವುದು ಹೆಚ್ಚು. ಒಂದು ಹೆಚ್ಚು ಬಂದರೆ, ಒಂದು ಕಡಿಮೆ ಬಂದರೆ ಬಹುತೇಕ ಗರ್ಭ ನಿಲ್ಲೋದೇ ಇಲ್ಲ. 21ನೇ ಕ್ರೋಮೋಸೋಮು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್.

ತಂಗಿ ಕೇಳಿದಳು, "ಮೂವತ್ತೈದು ದಾಟಿದ್ರೆ ಮುಗೀತು ಅಂತಾರಲ್ಲ?"

ಹಾಗೇನಿಲ್ಲ. ಮೂವತ್ತೈದನೇ ಹುಟ್ಟುಹಬ್ಬದ ಮಾರನೇ ದಿನ ಯಾವ ಬಾಗಿಲೂ ಮುಚ್ಚಲ್ಲ. ಆ ಸಂಖ್ಯೆ ಬಂದ ಬಗೆಯೇ ಬೇರೆ. 1970ರ ದಶಕದಲ್ಲಿ ಹೊಟ್ಟೆಯ ನೀರು ತೆಗೆದು ಮಾಡೋ ಆಮ್ನಿಯೋಸೆಂಟೆಸಿಸ್ ಪರೀಕ್ಷೆ ಬಳಕೆಗೆ ಬಂತು. ಆ ಸೂಜಿಯಿಂದ ಗರ್ಭ ಹೋಗುವ ಭಯ ಎಷ್ಟಿತ್ತೋ, ಮಗುವಿನಲ್ಲಿ ಕ್ರೋಮೋಸೋಮ್ ದೋಷ ಸಿಗುವ ಸಾಧ್ಯತೆಯೂ ಹತ್ತಿರ ಹತ್ತಿರ ಅಷ್ಟೇ ಆಗುತ್ತಿದ್ದದ್ದು ತಾಯಿಗೆ ಮೂವತ್ತೈದಾದಾಗ. ಹಾಗಾಗಿ ಅಲ್ಲಿ ಒಂದು ಗೆರೆ ಎಳೆದರು. ಗೆರೆ ಎಳೆದ ಕಾರಣ ಎಲ್ಲರಿಗೂ ಮರೆತುಹೋಯ್ತು, ಗೆರೆ ಮಾತ್ರ ಉಳೀತು. ನಿಜವಾಗಿ ಇದು ಆಗುಂಬೆ ಘಾಟಿ ಥರ ಒಮ್ಮೆಲೇ ಇಳಿಯೋದಲ್ಲ. ಮೂವತ್ತರ ಆಚೆ ಮೆಲ್ಲಗೆ ಇಳಿಯೋ ರಸ್ತೆ, ಮೂವತ್ತೇಳು ಮೂವತ್ತೆಂಟರ ಹೊತ್ತಿಗೆ ಇಳಿಜಾರು ಚುರುಕಾಗುತ್ತೆ.

ಸಂಖ್ಯೆಯಲ್ಲೇ ಹೇಳ್ತೀನಿ, ಬ್ಯಾಂಕಿನವಳಲ್ವಾ. ಇಪ್ಪತ್ತೈದರ ತಾಯಿಗೆ ಡೌನ್ ಸಿಂಡ್ರೋಮ್ ಮಗು ಆಗುವ ಸಾಧ್ಯತೆ ಸುಮಾರು 1,250ರಲ್ಲಿ 1. ಮೂವತ್ತೈದಕ್ಕೆ ಸುಮಾರು 350ರಲ್ಲಿ 1. ನಲವತ್ತಕ್ಕೆ 100ರಲ್ಲಿ 1. ನಲವತ್ತೈದಕ್ಕೆ 30ರಲ್ಲಿ 1. ಗರ್ಭ ನಿಲ್ಲದೆ ಹೋಗುವುದರ ಲೆಕ್ಕ ಇನ್ನೂ ದೊಡ್ಡದು. ನಾರ್ವೆ ದೇಶದ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2019ರಲ್ಲಿ ಬಂತು. ಇಪ್ಪತ್ತರ ಕೊನೆಯಲ್ಲಿರುವವರಲ್ಲಿ ನೂರಕ್ಕೆ ಹತ್ತು ಗರ್ಭ ಹೋಗುತ್ತಿತ್ತು. ನಲವತ್ತೈದು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು. ಹಾಗಂತ ಇಪ್ಪತ್ತರೊಳಗೆ ಹೆತ್ತರೆ ಕ್ಷೇಮ ಅಂತಲ್ಲ. ಹದಿನಾರು ಹದಿನೇಳರ ಹುಡುಗಿಯರಿಗೆ ರಕ್ತಹೀನತೆ, ನಂಜು, ತೂಕ ಕಮ್ಮಿಯ ಮಗು ಇವೆಲ್ಲ ಹೆಚ್ಚು. ಅದೇ ಒಂದು ದೊಡ್ಡ ಕಥೆ, ಇನ್ನೊಂದು ಸಲ ಬರೀತೀನಿ.

ನನ್ನ ಎರಡನೇ ಸಲದ್ದು ಮೂವತ್ತಾರಕ್ಕೆ. ಫೈಲಿನ ಮೇಲೆ ನರ್ಸು ಕೆಂಪು ಪೆನ್ನಲ್ಲಿ 'ಎಲ್ಡರ್ಲಿ ಪ್ರೈಮಿ' ಅಂತ ಬರೆದಳು. ಅಂದರೆ ವಯಸ್ಸಾದ ಚೊಚ್ಚಲು! ಆಫೀಸಲ್ಲಿ ನನ್ನನ್ನ ಇನ್ನೂ 'ಆ ಹುಡುಗಿ' ಅಂತಿದ್ದರು, ಇಲ್ಲಿ ಮುದುಕಿ ಮಾಡಿಟ್ಟರು. ಬೀದಿಯ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟ ತಾಯಿ ಕಾರ್ಡಿಗೂ ಕೆಂಪು ಸ್ಟಿಕ್ಕರ್ ಬಂತು. ಮೊದಲು ಅವಮಾನ ಅನ್ನಿಸಿತು. ಆಮೇಲೆ ತಿಳೀತು, ಆ ಕೆಂಪು ಚೀಟಿ ಇದ್ದವರನ್ನ ಹೆಚ್ಚು ಕಾಳಜಿಯಿಂದ ನೋಡಬೇಕು ಅಂತಲೇ ಅದನ್ನು ಅಂಟಿಸೋದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ತಪಾಸಣೆ ಇರುತ್ತೆ, 2016ರಿಂದ ನಡೀತಿದೆ. ಖಾಸಗಿಗೆ ಹೋಗೋ ಶಕ್ತಿ ಇಲ್ಲದವರು ಆ ದಿನ ತಪ್ಪಿಸಬೇಡಿ.

ಹನ್ನೆರಡನೇ ವಾರ ಎನ್‌ಟಿ ಸ್ಕ್ಯಾನು, ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆ. ಈ ಸ್ಕ್ಯಾನು ಹನ್ನೊಂದರಿಂದ ಹದಿಮೂರು ವಾರ ಆರು ದಿನದ ಒಳಗೇ ಆಗಬೇಕು, ಆಮೇಲೆ ಮಾಡಿದರೆ ಪ್ರಯೋಜನವಿಲ್ಲ. ನನ್ನ ವರದಿ ಬಂತು: 120ರಲ್ಲಿ 1. ಕೆಳಗೆ ದಪ್ಪಕ್ಷರದಲ್ಲಿ 'ಹೈ ರಿಸ್ಕ್'.

ನಾನು ಆ ಎರಡು ಪದ ಓದಿ ಮುಂದಕ್ಕೆ ಓದಲೇ ಇಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಮ್ಮ ಮನೆಯವರು ಹೆಚ್ಚು ಮಾತಾಡೋರಲ್ಲ. ರಾತ್ರಿ ಊಟ ಆದಮೇಲೆ ಅಂದರು, "ಸಾಗರದ ಬಸ್ಸು ಎರಡು ಫುಲ್ ಆದ್ರೆ ನೂರಿಪ್ಪತ್ತು ಜನ. ಎರಡೂ ಬಸ್ಸಲ್ಲಿ ಬರೀ ನಿನ್ನಂಥ ಗರ್ಭಿಣಿಯರೇ ಇದ್ದಾರೆ ಅಂದ್ಕೋ. ಅದರಲ್ಲಿ ಒಬ್ರಿಗೆ. ನೂರಾ ಹತ್ತೊಂಬತ್ತು ಜನಕ್ಕೆ ಇಲ್ಲ." ಸಮಾಧಾನ ಆಯ್ತಾ? ಆಗಲಿಲ್ಲ. ಆ ಒಬ್ಬಳು ಯಾವ ಸೀಟಲ್ಲಿ ಕೂತಿದ್ದಾಳೆ ಅಂತ ಯೋಚಿಸ್ತಾ ರಾತ್ರಿ ಕಳೆದೆ. ಆದರೆ ಬೆಳಿಗ್ಗೆ ಎದ್ದಾಗ ತಲೆ ಸ್ವಲ್ಪ ನೆಟ್ಟಗಾಗಿತ್ತು.

ಮುಂದೆ ಎರಡು ದಾರಿ ಇತ್ತು. ಒಂದು ಎನ್‌ಐಪಿಟಿ. ತಾಯಿಯ ರಕ್ತದಲ್ಲೇ ಮಗುವಿನ ಕಡೆಯ ಡಿಎನ್‌ಎ ತುಣುಕು ಇರುತ್ತೆ, ಅದನ್ನು ಹುಡುಕಿ ನೋಡೋದು. ಹತ್ತನೇ ವಾರದಿಂದ ಮಾಡಬಹುದು, ಮಗುವಿಗೆ ಅಪಾಯವಿಲ್ಲ. ಡೌನ್ ಸಿಂಡ್ರೋಮ್ ಇದ್ದರೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ಹಿಡಿಯುತ್ತೆ. ಆದರೂ ಅದು ಸೋಸುವ ಪರೀಕ್ಷೆ ಮಾತ್ರ, ಅದೇ ಕೊನೆಯ ಮಾತಲ್ಲ. ಇನ್ನೊಂದು, ಆಗಲೇ ಹೇಳಿದ ಆಮ್ನಿಯೋಸೆಂಟೆಸಿಸ್. ಹದಿನೈದು ವಾರ ಆದಮೇಲೆ ಮಾಡೋದು. ಖಚಿತ ಉತ್ತರ ಸಿಗುತ್ತೆ, ಆದರೆ ಗರ್ಭ ಹೋಗುವ ಸಣ್ಣ ಅಪಾಯ ಇದೆ. ಪಳಗಿದ ಕೈಯಲ್ಲಿ ಅದು 200ರಲ್ಲಿ 1ಕ್ಕಿಂತ ಕಡಿಮೆ. ಒಮ್ಮೆ ಕಳ್ಕೊಂಡವಳಿಗೆ ಆ ಒಂದೂ ಜಾಸ್ತಿಯೇ. ಎನ್‌ಐಪಿಟಿ ಮಾಡಿಸಿದೆವು. ನಮಗೆ ಆಗ ಹದಿನೆಂಟು ಸಾವಿರ ಆಯ್ತು. ಸಂಬಂಧಿಕರೊಬ್ಬರು "ಹಂಗಾದ್ರೆ ಗಂಡೋ ಹೆಣ್ಣೋ ಅದೂ ಗೊತ್ತಾಗತ್ತಾ?" ಅಂತ ಕೇಳಿದರು. 1994ರ ಕಾನೂನಿನ ಪ್ರಕಾರ ಅದನ್ನು ಹೇಳುವ ಹಾಗಿಲ್ಲ ಮಾರಾಯ್ರೇ ಅಂದೆ. ಕೇಳೋದಕ್ಕೂ ಒಂದು ಹೊತ್ತು ಬೇಡವಾ!

ವರದಿಗೆ ಹನ್ನೊಂದು ದಿನ. ಆ ಹನ್ನೊಂದು ದಿನ ನಾವಿಬ್ಬರೂ ಒಂದು ಪ್ರಶ್ನೆಯ ಸುತ್ತ ಓಡಾಡಿದೆವು, ಎದುರಿಗೆ ನಿಲ್ಲಲಿಲ್ಲ. ಬಂದದ್ದು ಕೆಟ್ಟದಾಗಿದ್ದರೆ? ನಮ್ಮ ಬೀದಿಯ ಕೊನೆ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರೋ ಹುಡುಗನಿದ್ದಾನೆ. ದಿನಾ ಬೆಳಿಗ್ಗೆ ಹಾಲಿನ ಬೂತಲ್ಲಿ ಎಲ್ಲರಿಗೂ ನಮಸ್ಕಾರ ಹೊಡೀತಾನೆ, ನನ್ನ ಬ್ಯಾಗು ಹಿಡಿದು ಗೇಟಿನವರೆಗೆ ತರ್ತಾನೆ. ಅವನನ್ನು ನೋಡಿದರೆ ಭಯ ಯಾಕೆ ಅನ್ಸುತ್ತೆ. ಅವನ ತಾಯಿ ಒಮ್ಮೆ ನನ್ನ ಹತ್ತಿರ, "ನಂಗೆ ಅರವತ್ತೈದು. ನಾನು ಹೋದ್ಮೇಲೆ ಇವನ್ನ ಯಾರು ನೋಡ್ತಾರೆ ಹೇಳಿ" ಅಂದಿದ್ದರು. ಅದನ್ನು ನೆನೆದರೆ ನಿದ್ದೆ ಹತ್ತಲ್ಲ. ಕಾನೂನಿನಲ್ಲಿ ಅವಕಾಶವಿದೆ. 2021ರ ತಿದ್ದುಪಡಿಯ ನಂತರ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತನಾಲ್ಕು ವಾರದ ಆಚೆ, ಮಗುವಿನಲ್ಲಿ ಗಂಭೀರ ದೋಷವಿದ್ದರೆ, ಮೆಡಿಕಲ್ ಬೋರ್ಡ್ ತೀರ್ಮಾನಿಸಬೇಕು. ಆದರೆ ಕಾನೂನು ಅನುಮತಿ ಕೊಡಬಹುದು, ನಿರ್ಧಾರ ಕೊಡಲ್ಲ. ನಾವು ಏನು ಮಾಡ್ತಿದ್ವಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹೀಗೆ ಮಾಡಿದವರನ್ನಾಗಲಿ ಹಾಗೆ ಮಾಡಿದವರನ್ನಾಗಲಿ ನಾನು ಒಂದು ಮಾತೂ ಆಡೋದಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅತ್ತೆ ಬಂದು ನನ್ನ ಮಂಚದ ತುದಿಯಲ್ಲಿ ಕೂತರು. ಬಸ್ಸಿನ ಮಾತಾಡಿದ್ದ ಅದೇ ಅತ್ತೆ. ಹದಿನಾರಕ್ಕೆ ಮದುವೆಯಾಗಿ ಬಂದವರು, ಐದು ಮಕ್ಕಳ ತಾಯಿ. ನಮ್ಮ ಮನೆಯವರೇ ಕೊನೆಯವರು, ಅತ್ತೆಗೆ ಆಗ ಮೂವತ್ತಾರು. "ಹಿಂದಿನೋರು ನಲವತ್ತಕ್ಕೂ ಹೆರ್ತಿರ್ಲಿಲ್ವಾ, ಯಾವ ಸ್ಕ್ಯಾನಿತ್ತು" ಅಂತ ಎಲ್ಲರ ಮುಂದೆ ಹೇಳ್ತಿದ್ದವರು ಅವರೇ. ಅವತ್ತು ಸೆರಗಿನ ತುದಿ ಸುತ್ತುತ್ತಾ ಅಂದರು:

"ಐದು ಹೆತ್ತೆ ಅಂತ ಊರಿಗೆಲ್ಲ ಗೊತ್ತು ಕಣೆ. ಎಂಟು ಹೊತ್ತೆ ಅಂತ ಯಾರಿಗೂ ಗೊತ್ತಿಲ್ಲ. ಇವನಿಗಿಂತ ಮುಂಚೆ ಎರಡು ಹೋತು. ಇವನಾದ್ಮೇಲೆ ನಲವತ್ತೊಂದರಲ್ಲಿ ಒಂದು. ಅವತ್ತು ಅಡಿಕೆ ಸುಲಿಯೋರು ಮನೆ ತುಂಬ ಇದ್ರು. ಹೊಟ್ಟೆನೋವು ಅಂತ ಹೇಳಿ ಒಳಗೆ ಹೋದೆ, ಸಂಜೆ ಎದ್ದು ಅವರಿಗೆಲ್ಲ ಕಾಫಿ ಮಾಡಿದೆ. ನಿಮ್ಮಾವಂಗೂ ಹೇಳ್ಲಿಲ್ಲ."

ಅವರು ಕ್ಷಮೆ ಕೇಳಲಿಲ್ಲ, ನಾನೂ ಕೇಳಬೇಕು ಅಂದುಕೊಳ್ಳಲಿಲ್ಲ. ಹಿಂದಿನವರ ಲೆಕ್ಕದಲ್ಲಿ ಹುಟ್ಟಿದ ಮಕ್ಕಳು ಮಾತ್ರ ಇದ್ದವು. ಹೋದದ್ದಕ್ಕೆ 'ಮುಟ್ಟು ತಡವಾಯ್ತು' ಅಂತ ಹೆಸರು. ಇನ್ನೊಂದು, ಅವರು ನಲವತ್ತರಲ್ಲಿ ಹೆರುತ್ತಿದ್ದದ್ದು ಆರನೆಯದೋ ಏಳನೆಯದೋ. ನಾವು ಈ ವಯಸ್ಸಿಗೆ ಶುರು ಮಾಡ್ತೀವಿ.

ಹನ್ನೊಂದನೇ ದಿನ ವರದಿ 'ಲೋ ರಿಸ್ಕ್' ಅಂತ ಬಂತು. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನಾನು ಮಲಗಿ ಹದಿನಾಲ್ಕು ಗಂಟೆ ನಿದ್ದೆ ಹೊಡೆದೆ.

ಅಲ್ಲಿಗೆ ಮುಗಿಯಲಿಲ್ಲ. ವಯಸ್ಸು ಅಂಡಾಣುವಿಗೆ ಮಾತ್ರ ಆಗಿರಲ್ಲ, ಮೈಗೂ ಆಗಿರುತ್ತೆ. ಬಿಪಿ ಏರುವ ಅಪಾಯ ಇದೆ ಅಂತ ಹನ್ನೆರಡನೇ ವಾರದಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರು. (ಇದನ್ನು ಓದಿ ಯಾರೂ ಅಂಗಡಿಯಿಂದ ತಂದು ನುಂಗಬೇಡಿ, ಡಾಕ್ಟರು ಹೇಳಿದರೆ ಮಾತ್ರ.) ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 140 ಮುಟ್ಟಬಾರದು. ನಂದು 162. ಸೀಮಂತದ ದಿನ ಮನೆ ತುಂಬ ಹೋಳಿಗೆ ಪರಿಮಳ, ನನ್ನ ಎಲೆಯಲ್ಲಿ ಮೊಳಕೆಕಾಳು ಕೋಸಂಬರಿ. ಮೂವತ್ತೆಂಟನೇ ವಾರ ಬಿಪಿ ಏರಿಯೇ ಬಿಟ್ಟಿತು. ಸಿಸೇರಿಯನ್ ಆಯ್ತು. ಎರಡು ಕೆಜಿ ಏಳುನೂರು ಗ್ರಾಂ, ಹೆಣ್ಣುಮಗು, ಹುಟ್ಟಿದ ಕೂಡಲೇ ಜೋರು ಗಂಟಲು. ಹೆರಿಗೆ ಆದಮೇಲೆ ನನ್ನ ಸಕ್ಕರೆ ಸರಿಹೋಯ್ತು. ಆದರೆ ಗರ್ಭಿಣಿಯಿದ್ದಾಗ ಬಂದವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ತೀನಿ.

ಇಷ್ಟೂ ಕೇಳಿ ಆ ಕಡೆ ತಂಗಿ ಸುಮ್ಮನಾಗಿದ್ದಳು. ಆಮೇಲೆ, "ಹಂಗಾದ್ರೆ ಎಗ್ ಫ್ರೀಜ್ ಮಾಡಿಸಿ ಇಟ್ರೆ? ಸಿನಿಮಾದವರು ನಲವತ್ತೈದಕ್ಕೆ ಅವಳಿ ಹೆರ್ತಾರೆ. ಆಂಧ್ರದಲ್ಲಿ ಅಜ್ಜಿಗೇ ಆಯ್ತಲ್ಲ!" ಅಂದಳು.

ಆ ಅಜ್ಜಿಯ ಸುದ್ದಿ ನಿಮಗೂ ವಾಟ್ಸಾಪಲ್ಲಿ ಬಂದಿರುತ್ತೆ. 2019ರ ಸೆಪ್ಟೆಂಬರಿನಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಹೆಂಗಸು ಅವಳಿ ಹೆತ್ತರು. ಬೇರೆಯವರ ಅಂಡಾಣುವಿನಿಂದ ಅನ್ನೋ ಸಾಲು ಮಾತ್ರ ಫಾರ್ವರ್ಡ್‌ಗಳಲ್ಲಿ ಉದುರಿಹೋಗಿತ್ತು. ಐವಿಎಫ್ ಮಾಡಿಸಿದ್ರೂ ಅಂಡಾಣುವಿನ ವಯಸ್ಸು ಹಿಂದಕ್ಕೆ ಹೋಗಲ್ಲ. ಸ್ವಂತ ಅಂಡಾಣುವಿನಿಂದ ಯಶಸ್ಸು ನಲವತ್ತರ ನಂತರ ತೀರಾ ಇಳಿಯುತ್ತೆ. ಈಗ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಐವತ್ತು ದಾಟಿದ ಹೆಂಗಸಿಗೆ, ಐವತ್ತೈದು ದಾಟಿದ ಗಂಡಸಿಗೆ ಈ ಚಿಕಿತ್ಸೆ ಕೊಡೋ ಹಾಗಿಲ್ಲ. ಅಂಡಾಣು ಕೊಡುವವಳ ವಯಸ್ಸು 23ರಿಂದ 35ರ ಒಳಗೇ ಇರಬೇಕು ಅಂತಲೂ ಇದೆ. ಆ 35 ಯಾಕೆ ಅಂತ ಈಗ ನಿಮಗೆ ಗೊತ್ತಾಗಿರಬೇಕು. ಫ್ರೀಜಿಂಗ್ ತಪ್ಪಲ್ಲ. ಮೂವತ್ತೈದರೊಳಗೆ ಮಾಡಿಸಿದರೆ ಫಲ ಹೆಚ್ಚು. ಆದರೆ ಎಫ್‌ಡಿ ಇಟ್ಟ ಹಾಗಲ್ಲ ಅದು. ಎಫ್‌ಡಿಯಲ್ಲಿ ಇಟ್ಟದ್ದು ಪೂರ್ತಿ ವಾಪಸ್ ಬರುತ್ತೆ, ಇಲ್ಲಿ ಇಟ್ಟದ್ದೆಲ್ಲ ಮಗುವಾಗಲ್ಲ. ಎಎಂಎಚ್ ಅಂತ ಒಂದು ರಕ್ತಪರೀಕ್ಷೆ ಇದೆ, ಅದನ್ನೂ ಈಗ ಹುಡುಗಿಯರು ತಾವೇ ಹೋಗಿ ಮಾಡಿಸ್ತಾರೆ. ಅದು ಎಷ್ಟು ಉಳಿದಿರಬಹುದು ಅಂತ ಅಂದಾಜು ಹೇಳುತ್ತೆ, ಹೇಗಿವೆ ಅಂತ ಹೇಳಲ್ಲ.

ನಾನು ಅವಳಿಗೆ 'ಈಗಲೇ ಮಾಡ್ಕೋ' ಅಂತ ಹೇಳಲಿಲ್ಲ. ನಮ್ಮಲ್ಲಿ ವಯಸ್ಸಾಯ್ತು ವಯಸ್ಸಾಯ್ತು ಅಂತ ಹುಡುಗಿಯರ ಬೆನ್ನು ಹತ್ತೋರಲ್ಲಿ ಮಗು ಆದಮೇಲೆ ಒಂದು ರಾತ್ರಿ ಎತ್ತಿಕೊಂಡು ತಿರುಗೋರು ಎಷ್ಟು ಜನ? 2017ರಿಂದ ಇಪ್ಪತ್ತಾರು ವಾರ ರಜೆ ಕಾನೂನಲ್ಲಿದೆ, ಸರಿ. ಇಪ್ಪತ್ತೇಳನೇ ವಾರ ಮಗುವನ್ನ ಯಾರ ಹತ್ತಿರ ಬಿಡೋದು? ಅವಳ ಲೆಕ್ಕಾಚಾರ ಸುಳ್ಳಲ್ಲ. ಅದರಲ್ಲಿ ಒಂದು ಕಾಲಂ ಖಾಲಿ ಇತ್ತು, ಅದನ್ನಷ್ಟೇ ನಾನು ತುಂಬಿದೆ.

"ಎಷ್ಟು ಮಕ್ಕಳು ಬೇಕು ನಿಂಗೆ?" ಅಂತ ಕೇಳಿದೆ. ಎರಡು ಅಂದಳು. "ಹಂಗಾದ್ರೆ ಎರಡನೇದರಿಂದ ಹಿಂದಕ್ಕೆ ಎಣಿಸು" ಅಂದೆ. ಮೂವತ್ತಾರಕ್ಕೆ ಶುರು ಮಾಡಿದರೆ, ಎಲ್ಲ ಸರಿಯಾದರೂ ಎರಡನೆಯದು ನಲವತ್ತರ ಹತ್ತಿರ. ಅದೂ ಒಂದು ಸಲ ಹೋಯ್ತು ಅಂದರೆ? ಅವಳು ಇದನ್ನ ಯೋಚಿಸಿರಲಿಲ್ಲ. ಮತ್ತೆ, ಯಾವಾಗಲೇ ಆಗಲಿ, ಒಂದು ತಿಂಗಳು ಮುಂಚೆಯಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡು, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿಕೋ ಅಂದೆ. ಮೂವತ್ತೈದರೊಳಗಿನವರು ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಮೂವತ್ತೈದು ದಾಟಿದವರು ಆರು ತಿಂಗಳಿಗೇ ಹೋಗಬೇಕು.

"ಮತ್ತೆ ನಿನ್ನ ಗಂಡನ್ನೂ ಕರ್ಕೊಂಡು ಹೋಗು."

"ಅವರಿಗ್ಯಾಕೆ ಅಕ್ಕ?"

ನೋಡಿ, ಓದಿದ ಹುಡುಗಿ! ಮಕ್ಕಳಾಗದ ದಂಪತಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ. ವೀರ್ಯ ದಿನಾ ಹೊಸದಾದರೂ ಅದನ್ನು ಮಾಡುವ ಯಂತ್ರ ಹಳತಾಗುತ್ತೆ, ಅವರಿಗೆ ನಲವತ್ತು ದಾಟಿದಂತೆ ಅದರಲ್ಲೂ ತಪ್ಪುಗಳು ಹೆಚ್ಚು. ಅವರ ಪರೀಕ್ಷೆಯೋ, ಸೂಜಿಯಿಲ್ಲ ನೋವಿಲ್ಲ, ಒಂದು ಡಬ್ಬಿ ಅಷ್ಟೇ. ಆದರೂ ಹೆಂಗಸಿನ ಹತ್ತು ಪರೀಕ್ಷೆ ಮುಗಿದ ಮೇಲೆ, ಅದೂ ಬೇಡಿಕೊಂಡ ಮೇಲೆ, ಮಾಡಿಸ್ತಾರೆ.

ಮೊನ್ನೆ ಬುಧವಾರ ತಂಗಿ ಮತ್ತೆ ಫೋನ್ ಮಾಡಿದ್ದಳು. ಡಾಕ್ಟರ ಹತ್ತಿರ ಹೋಗಿ ಬಂದಿದ್ದಾಳೆ, ಥೈರಾಯ್ಡ್ ಸ್ವಲ್ಪ ಏರುಪೇರಿದೆಯಂತೆ, ಮಾತ್ರೆ ಶುರುವಾಗಿದೆ. ಮೂರು ವರ್ಷ ಅಲ್ಲ, ಟೀಮ್ ಲೀಡ್ ಆಗಿ ಆರು ತಿಂಗಳು ನೋಡ್ತೀನಿ ಅಂದಳು. ಚಿಕ್ಕಮ್ಮನಿಗೆ ಇದ್ಯಾವುದನ್ನೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಳು. (ಚಿಕ್ಕಮ್ಮ ಆನ್‌ಲೈನಲ್ಲಿ ಪತ್ರಿಕೆ ಓದೋದಿಲ್ಲ, ಧೈರ್ಯವಾಗಿ ಬರೆದಿದ್ದೀನಿ.)

"ಅವರ ಟೆಸ್ಟು?" ಅಂದೆ.

ಮುಂದಿನ ಶನಿವಾರ ಹೋಗ್ತಾರಂತೆ. ಹೋದ ಶನಿವಾರ ಕ್ರಿಕೆಟ್ ಇತ್ತಂತೆ.